ಮೇಷ್ಟರ ಷರಾ

ಅನಂತರಾಜು ಮೇಷ್ಟರ ಹೆಂಡತಿ ಗಂಗರತ್ನಮ್ಮ ಐದು ವರ್ಷ ಬ್ಲಾಗ್ ಬರೆದಿದ್ದರೆಂಬ ಸಂಗತಿ ಮೇಷ್ಟರಿಗೆ ತಿಳಿದದ್ದು ಆಕೆ ತೀರಿಕೊಂಡ ಹದಿಮೂರನೆಯ ದಿನ. ಹನ್ನೊಂದರ ಕಾರ್ಯ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಯಲಹಂಕ ಹಳೇಪಟ್ಟಣದ ಆ ಮನೆಯಲ್ಲಿ ಶಾಮಿಯಾನದವರು ಮರೆತುಹೋದ ಎರಡು ಕುರ್ಚಿಗಳು ಮಾತ್ರ ಹೆಚ್ಚಿಗೆ ಉಳಿದಿದ್ದವು. ಅವುಗಳಲ್ಲೊಂದರ ಮೇಲೆ ಮೇಷ್ಟರೆದುರು ಕುಳಿತು ಸಂಯುಕ್ತಾ ಈ ವಿಷಯ ಹೇಳಿದಳು. ಆಕೆ ಗಂಗರತ್ನಮ್ಮನ ತಮ್ಮನ ಮಗಳು. ಹೆಬ್ಬಾಳದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಅತ್ತೆಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ, ಬ್ಲಾಗ್ ತೆರೆದುಕೊಟ್ಟವಳೂ ಅವಳೇ.

ಮೇಷ್ಟರು ಮೊದಲಿಗೆ ನಂಬಲಿಲ್ಲ. ಹೆಂಡತಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಹುಣಸಮಾರನಹಳ್ಳಿಯಿಂದ ತಂದ ಆಕೆಯ ಮಾತನ್ನು ಮದುವೆಯಾದ ಹೊಸದರಲ್ಲಿ ಅವರು ದಿನವೂ ತಿದ್ದಿದ್ದರು. ತಿದ್ದಿ ಸಾಕಾಗಿ, ಅತಿಥಿಗಳೆದುರು ಆಕೆ ಹೆಚ್ಚು ಮಾತಾಡದಿರುವುದೇ ಲೇಸೆಂಬ ಒಪ್ಪಂದಕ್ಕೆ ಇಬ್ಬರೂ ಬಂದಿದ್ದರು. ಒಪ್ಪಂದ ಎಂದು ಹೆಸರಿಟ್ಟವರು ಮೇಷ್ಟರು. ಆಕೆಯನ್ನು ಯಾರೂ ಕೇಳಿರಲಿಲ್ಲ.

ಆದರೂ ಅವರು ಕೈಚಾಚಿ ಸಂಯುಕ್ತಾಳ ಕೈಯಲ್ಲಿದ್ದ ಫೋನು ತೆಗೆದುಕೊಂಡರು. ಹದಿಮೂರು ದಿನದಿಂದ ಅವರು ಮನೆಯಲ್ಲೆಲ್ಲ ಹುಡುಕುತ್ತಿದ್ದದ್ದು ಆಕೆಯ ದನಿಯನ್ನು. ಫೋಟೋಗಳು ಬೇಕಾದಷ್ಟಿದ್ದವು. ಯಾವುದಾದರೂ ಮದುವೆಯ ವಿಡಿಯೋದಲ್ಲಾದರೂ ಆಕೆ ಮಾತಾಡಿದ್ದು ಸಿಕ್ಕೀತೆಂದು ನೋಡಿದರೆ, ಎಲ್ಲದರಲ್ಲೂ ಆಕೆ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದರು.

ಬ್ಲಾಗಿನ ಹೆಸರು ‘ಕೂತ್ಕಳಿ, ಕಾಪಿ ತರ್ತೀನಿ’. ಬರೆದವರ ಹೆಸರು ಎಲ್ಲಿಯೂ ಇಲ್ಲ; ಪ್ರತಿಯೊಂದು ಬರಹದ ಕೆಳಗೂ ‘ಇವಳು’ ಎಂದಷ್ಟೇ ಸಹಿ. ಮನೆಗೆ ಬಂದವರಿಗೆ ಮೇಷ್ಟರು ಹೆಂಡತಿಯನ್ನು ಪರಿಚಯಿಸುತ್ತಿದ್ದದ್ದೂ ಹಾಗೆಯೇ. ಮೊದಲ ಬರಹವನ್ನು ಅವರು ಕನ್ನಡಕ ಒರೆಸಿಕೊಂಡು ಓದಿದರು.

‘ಇವತ್ತು ಅವರೇಕಾಯಿ ಸುಲೀತಾ ಕುಂತಿದ್ದೆ. ನಮ್ಮನೇಲಿ ಮಾತಾಡಾಕೆ ಅವರೇಕಾಯೇ ವಾಸಿ. ಅದು ಮಧ್ಯ ಬಾಯಾಕಲ್ಲ.’

ಅವರಿಗೆ ನಗು ಬಂತು. ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಇನ್ನೊಂದು ಬರಹದಲ್ಲಿ ತವರಿನ ಮೇಲೆ ಹಾರುವ ವಿಮಾನಗಳ ಸುದ್ದಿಯಿತ್ತು: ‘ಇಮಾನ ಬಂದಾಗ ಎಲ್ಲಾರೂ ಮಾತು ನಿಲ್ಲಿಸ್ತಾರೆ. ನಾನು ಆವಾಗ್ಲೇ ಮಾತಾಡ್ಕಂತೀನಿ. ಯಾರಿಗೂ ಕೇಳಾಕಿಲ್ಲ, ಯಾರೂ ತಪ್ಪು ಇಡಿಯಾಕಿಲ್ಲ.’ ಕೋಗಿಲು ಕಡೆಯ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದ ಇಬ್ಬರು ಹೆಂಗಸರು ಇಳಿಯುವಷ್ಟರಲ್ಲಿ ಬೀಗರಾಗುವ ಮಾತಾಡಿದ್ದು, ಮೇಷ್ಟರು ವಾಕಿಂಗಿಗೆ ಹೋದ ಮೇಲೆ ಆಕೆ ರೇಡಿಯೋದ ವಾರ್ತೆಗೆ ಎದುರುತ್ತರ ಕೊಡುವುದು, ಹೀಗೆ ನೂರಾರು ಬರಹಗಳು. ಓದುತ್ತ ಹೋದಂತೆ ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಹೇಳುತ್ತಿರುವಂತೆಯೇ ಕೇಳಿಸಿತು. ಇಷ್ಟು ಚುರುಕಾದ, ಇಷ್ಟು ತುಂಟಿಯಾದ ಹೆಂಗಸೊಬ್ಬಳು ಅದೇ ಸೂರಿನಡಿ ಸಾರು ಕಾಯಿಸಿಕೊಂಡಿದ್ದಳೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

“ಇದನ್ನ ತಿದ್ದಿಕೊಟ್ಟವರು ಯಾರು?” ಎಂದು ಕೇಳಿದರು.

“ಯಾರೂ ಇಲ್ಲ ಮಾವ. ನಾನೊಂದ್ಸಲ ಕೇಳ್ದೆ, ತಿದ್ಲಾ ಅತ್ತೆ ಅಂತ. ಮನೇಲೊಬ್ರು ಇದಾರಲ್ಲ, ಸಾಲ್ದಾ ಅಂದ್ರು.”

ಬರವಣಿಗೆ ನಿಂತು ಹದಿನಾಲ್ಕು ತಿಂಗಳಾಗಿತ್ತು. ಏಕೆ ನಿಲ್ಲಿಸಿದಳೆಂದು ಮೇಷ್ಟರು ಕೇಳಿದಾಗ ಸಂಯುಕ್ತಾ ಫೋನು ತೆಗೆದುಕೊಂಡಳು. ಕೊನೆಯದನ್ನು ತೆಗೆದುಕೊಟ್ಟು, ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

‘ಕೂಸು ಓಯ್ತು. ಆಲು ನಿಲ್ಲಲಿಲ್ಲ. ಮೂರು ದಿನ ಆದ್ರೂ ಬರ್ತಾನೇ ಐತೆ. ಕುಡಿಯೋರಿಲ್ಲ ಅಂತ ಅದಕ್ಕೆ ಏಳೋರು ಯಾರು. ನಮ್ಮವ್ವ ಎದೆಗೆ ಮಲ್ಲಿಗೆ ಊವ ಇಟ್ಟು ಬಟ್ಟೆ ಬಿಗಿದು ಕಟ್ಟಿದ್ಲು. ಊವ ಬಾಡಿದಂಗೆಲ್ಲ ಬೇರೆ ಇಟ್ಲು. ಕಡೀಗೆ ಆಲು ಇಂಗ್ತು. ಅವತ್ತಿಂದ ನಾನು ಮಲ್ಲಿಗೆ ಮುಡಿದಿಲ್ಲ. ಯಾಕೆ ಅಂತ ಮನೆಯವರು ಕೇಳಿದ್ರು. ಆ ವಾಸನೆಗೆ ತಲೆನೋವು ಬತ್ತದೆ ಅಂದೆ. ಮೂವತ್ತೆಂಟು ವರ್ಷದಿಂದ ತಲೆನೋವೇ.’

ಚೊಚ್ಚಲ ಬಾಣಂತನ ತವರಿನಲ್ಲಿ. ಮೇಷ್ಟರು ಆಗ ಹತ್ತನೆಯ ತರಗತಿಯ ಉತ್ತರಪತ್ರಿಕೆ ನೋಡುವ ಕೇಂದ್ರದಲ್ಲಿದ್ದರು. ಮಗು ಉಳಿಯಲಿಲ್ಲವೆಂಬ ಸುದ್ದಿ ತಲುಪಿದಾಗ ಕೈಯಲ್ಲಿದ್ದ ಕಟ್ಟುಗಳನ್ನು ಮುಗಿಸಿಯೇ ಹೊರಟಿದ್ದರು. ಹುಣಸಮಾರನಹಳ್ಳಿ ಮುಟ್ಟುವಷ್ಟರಲ್ಲಿ ಹೆಂಡತಿಯ ಅಣ್ಣ ಮುನಿಯಣ್ಣ ಮಗುವನ್ನು ಮಣ್ಣು ಮಾಡಿ ಬಂದಿದ್ದ. ಒಳಕೋಣೆಯಲ್ಲಿ ಮಲಗಿದ್ದ ಹೆಂಡತಿಗೆ ಧೈರ್ಯದ ನಾಲ್ಕು ಮಾತು ಹೇಳಿ ಅವರು ಮರುದಿನವೇ ಮರಳಿದ್ದರು. ಕೋಣೆಯ ತುಂಬ ಮಲ್ಲಿಗೆಯ ವಾಸನೆ ಇತ್ತೆಂಬುದು ಈಗ ನೆನಪಾಯಿತು. ಅದು ಏತಕ್ಕೆಂದು ಆಗ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಿರಲಿಲ್ಲ.

ಅವರ ಬೆರಳು ಪರದೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ತಳ್ಳಿತು. ಬರಹದ ಕೆಳಗೆ ಮೊದಲ ಪ್ರತಿಕ್ರಿಯೆ ಇತ್ತು.

‘ಮರೆಯಲ್ಲಿರಬೇಕಾದುದನ್ನು ಬಯಲಿಗೆಳೆಯುವುದು ಸಾಹಿತ್ಯವಲ್ಲ. ಭಾಷೆಗೆ ಶುದ್ಧಿಯಿಲ್ಲ, ಲೇಖಕಿಗೆ ಸಂಯಮವಿಲ್ಲ. ಇಂಥವರು ಬರೆಯದಿರುವುದೇ ಕನ್ನಡಕ್ಕೆ ಸಲ್ಲಿಸುವ ಸೇವೆ. – ಅನಂತರಾಜು, ನಿವೃತ್ತ ಮುಖ್ಯೋಪಾಧ್ಯಾಯ, ಯಲಹಂಕ.’

ಅದರ ಕೆಳಗೆ ಲೇಖಕಿಯ ಉತ್ತರ: ‘ಆಗ್ಲಿ ಸಾರ್.’

ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು, ಕನ್ನಡ ಎಲ್ಲಿಗೆ ಬಂತು ನೋಡಿ ಎಂದು ಆ ಬರಹದ ಕೊಂಡಿ ಹಾಕಿದ್ದರು. ಬೆಳಗಿನ ಕಾಫಿಯಾದ ಮೇಲೆ ಇಂಥ ಬರಹಗಳಿಗೆ ಷರಾ ಬರೆಯುವುದನ್ನು ಮೇಷ್ಟರು ಕರ್ತವ್ಯವೆಂದೇ ನಡೆಸಿಕೊಂಡು ಬಂದವರು. ಮೊದಲ ನಾಲ್ಕು ಸಾಲು ನೋಡಿದರೆ ಹುಡುಗನ ಯೋಗ್ಯತೆ ತಿಳಿಯುತ್ತದೆಂದು ಪತ್ರಿಕೆ ನೋಡುವಾಗ ಕಲಿತ ಪಾಠ ಅವರದು. ಅಂದೂ ನಾಲ್ಕು ಸಾಲೇ ಓದಿದ್ದರು. ತಲೆನೋವಿನ ಮಾತಿನವರೆಗೆ ಓದಿದ್ದರೆ ತಮ್ಮ ಮನೆಯ ಬಾಗಿಲು ಅವರಿಗೇ ಕಾಣಿಸುತ್ತಿತ್ತು.

ಆದರೆ ಕಾಣದ್ದಕ್ಕೆ ಆ ನಾಲ್ಕು ಸಾಲನ್ನು ದೂರಿ ತಪ್ಪಿಸಿಕೊಳ್ಳುವಂತಿಲ್ಲ. ಅಪರಿಚಿತ ಹೆಂಗಸೊಬ್ಬಳ ಸತ್ತ ಕೂಸಾಗಿದ್ದರೂ ಆ ಷರಾ ಅಷ್ಟೇ ಹೇಯವಾದದ್ದು. ತಿದ್ದುವ ಅಧಿಕಾರ ಕೇಳಿಸಿಕೊಂಡವನಿಗೆ ಮಾತ್ರ ಉಂಟು. ಈ ಒಂದು ನಿಯಮವನ್ನು ನಮ್ಮ ಯಾವ ತರಗತಿಯ ಗೋಡೆಯ ಮೇಲೂ ಯಾರೂ ಬರೆಸಲಿಲ್ಲ. ಕೆಂಪು ಶಾಯಿಯನ್ನು ಮಾತ್ರ ಧಾರಾಳವಾಗಿ ಹಂಚಿದರು.

ಮೇಷ್ಟರು, “ಅವಳಿಗೆ ಗೊತ್ತಿತ್ತಾ, ನಾನೇ ಅಂತ?” ಎಂದರು.

“ಹೆಸರು, ಊರು, ಹುದ್ದೆ ಎಲ್ಲಾ ಹಾಕಿದೀರಲ್ಲ ಮಾವ.” ಸಂಯುಕ್ತಾಳ ದನಿಯಲ್ಲಿ ಕನಿಕರವಿರಲಿಲ್ಲ. “ಅವತ್ತೇ ಓಡ್ಬಂದೆ ನಾನು. ನೀವು ಪೇಪರ್ ಓದ್ತಿದ್ರಿ. ಕೇಳೇ ಬಿಡ್ತೀನಿ ಅಂದೆ. ಅತ್ತೆ ಕೈ ಹಿಡ್ಕೊಂಡ್ರು. ‘ಅವ್ರಿಗೆ ಗೊತ್ತಿಲ್ಲ ಕಣೇ, ಬಿಡು. ಗೊತ್ತಾದ್ರೆ ಊಟ ಬಿಡ್ತಾರೆ’ ಅಂದ್ರು. ನಿಮ್ಗೆ ಉಪ್ಪಿಟ್ಟು ಹಾಕ್ಕೊಟ್ಟು ಬಂದು, ಆಮೇಲೆ ಆ ಎರಡು ಪದ ಬರೆದ್ರು.”

ಆ ಷರಾ ಅಳಿಸಿಬಿಡಬಹುದೇ ಎಂದು ಮೇಷ್ಟರು ಕೇಳಿದರು. ಅವಳು ಒತ್ತಬೇಕಾದ ಜಾಗ ತೋರಿಸಿದಳು. ನೀವೇ ಒತ್ತಿ, ನಾನು ಒತ್ತುವುದಿಲ್ಲ ಎಂದಳು. ಅವರ ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು. ಅದನ್ನು ಅಳಿಸಿದರೆ ಆಕೆಯ ಆ ಎರಡು ಪದಗಳೂ ಹೋಗುತ್ತಿದ್ದವು.

ಅಷ್ಟಕ್ಕೂ ಸಂಯುಕ್ತಾ ಬಂದ ಕಾರಣ ಬೇರೆಯೇ ಇತ್ತು. ಗಂಗಾನಗರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಫಖ್ರುನ್ನೀಸಾ ಎಂಬಾಕೆ ಆ ಬ್ಲಾಗಿನ ಒಂದು ಬರಹವನ್ನೂ ಬಿಟ್ಟವಳಲ್ಲ. ಕೊನೆಯ ಬರಹದ ಕೆಳಗೆ ಪ್ರತಿ ತಿಂಗಳೂ ಅವಳ ಒಂದೊಂದು ಸಾಲಿತ್ತು. ಎಲ್ಲಿದೀರಾ ಅಕ್ಕಾ, ಆ ಸಾರ್ ಮಾತು ಮನಸ್ಸಿಗೆ ಹಚ್ಕೋಬೇಡಿ, ನನ್ನ ಮಿಷನ್ನೂ ನಿಮ್ಮ ಮಾತು ಕೇಳ್ತಾ ಇತ್ತು, ಎಂದೆಲ್ಲ. ಹದಿನಾಲ್ಕು ಸಾಲು. ಅವಳಿಗೆ ಯಾರಾದರೂ ಹೇಳಬೇಕಿತ್ತು.

ತಾವೇ ಬರೆಯುವುದಾಗಿ ಮೇಷ್ಟರು ಹೇಳಿದರು. ಪುಸ್ತಕ ತೆಗೆದು ಬರೆದದ್ದನ್ನು ಓದಿದರು: ‘ಸದರಿ ಬರಹಗಳ ಕರ್ತೃವೂ ನನ್ನ ಧರ್ಮಪತ್ನಿಯೂ ಆದ ಶ್ರೀಮತಿ ಗಂಗರತ್ನಮ್ಮನವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇನೆ.’ ಮೇಷ್ಟರೇ ಆ ಹಾಳೆ ಹರಿದರು. ನಾಡಿನ ಅರ್ಧ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದೆನೆಂದು ಹೇಳಿಕೊಳ್ಳುತ್ತಿದ್ದ ಮನುಷ್ಯನಿಗೆ, ತನ್ನದೇ ಒಂದು ಮಾತನ್ನು ತನ್ನದೇ ದನಿಯಲ್ಲಿ ಬರೆಯಲು ಆ ಮಧ್ಯಾಹ್ನವೆಲ್ಲ ಹಿಡಿಯಿತು. ಆಮೇಲೆ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು.

‘ಇದನ್ನೆಲ್ಲ ಬರೆದವಳು ಗಂಗರತ್ನ. ಮೊನ್ನೆ ಎರಡನೇ ತಾರೀಕು ತೀರಿಕೊಂಡಳು. ನಾನು ಅವಳ ಗಂಡ. ಬರೆಯಬೇಡಿ ಎಂದವನೂ ನಾನೇ. ಅದು ನನ್ನ ಮಗು ಎಂದು ನನಗೆ ಗೊತ್ತಾಗಲಿಲ್ಲ.’

ಹೆಸರಿನ ಮುಂದೆ ಹುದ್ದೆ ಹಾಕಲಿಲ್ಲ. ಸಂಯುಕ್ತಾ ಓದಿದಳು, ಮೊದಲ ಬಾರಿಗೆ ಅವರ ಪಕ್ಕದ ಕುರ್ಚಿಗೆ ಬಂದು ಕುಳಿತಳು. ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತಿದ್ದಾಗಲೇ ಫೋನು ಸದ್ದು ಮಾಡಿತು. ಬೈಗುಳ ಬರಲೆಂದೇ ಮೇಷ್ಟರು ಕಾದಿದ್ದರು. ಬಂದಿದ್ದರೆ ಒಳ್ಳೆಯದಿತ್ತು.

‘ಅಲ್ಲಾ ಅಕ್ಕನಿಗೆ ಜನ್ನತ್ ಕೊಡ್ಲಿ. ನಾನು ಇವತ್ತಿಂದ ಇಬ್ಬರಿಗೂ ದುವಾ ಮಾಡ್ತೀನಿ, ಅಕ್ಕನಿಗೂ ಮಗುವಿಗೂ. ಮಗು ಗಂಡೋ ಹೆಣ್ಣೋ ಸಾರ್? ಅಕ್ಕ ಅದೊಂದು ಬರ್ದಿರ್ಲಿಲ್ಲ.’

ಮೇಷ್ಟರು ಸಂಯುಕ್ತಾಳ ಕಡೆ ತಿರುಗಿದರು. ನನಗೂ ಹೇಳಿಲ್ಲ ಮಾವ ಎಂದಳು ಅವಳು. ಅವಳ ತಂದೆ ಆಗ ಊರಲ್ಲೇ ಇರಲಿಲ್ಲ. ಎದೆಗೆ ಹೂವು ಕಟ್ಟಿದ, ಗಂಗರತ್ನಮ್ಮನ ತಾಯಿ ಹೋಗಿ ಇಪ್ಪತ್ತು ವರ್ಷ. ಮಣ್ಣು ಮಾಡಿದ ಮುನಿಯಣ್ಣ ಹೋಗಿ ಒಂಬತ್ತು. ಬಲ್ಲವಳು ಇನ್ನೊಬ್ಬಳು ಹದಿಮೂರು ದಿನದ ಹಿಂದಿನವರೆಗೂ ಇದೇ ಮನೆಯಲ್ಲಿದ್ದಳು; ಮೂವತ್ತೊಂಬತ್ತು ವರ್ಷ, ದಿನಕ್ಕೆರಡು ಬಾರಿ ಅವರೆದುರು ತಟ್ಟೆಯಿಟ್ಟು, ಕೇಳಿದ್ದರೆ ಹೇಳುವಷ್ಟು ಹತ್ತಿರ ಕುಳಿತಿದ್ದಳು.

ಹೊರಗಿನ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಸದ್ದು ಹಾದುಹೋಗುವವರೆಗೂ ಮೇಷ್ಟರು ಫೋನು ಹಿಡಿದೇ ಇದ್ದರು. ಆಮೇಲೆ ಬರೆದರು:

‘ಗೊತ್ತಿಲ್ಲ ತಾಯಿ. ನಾನು ಕೇಳಲಿಲ್ಲ.’