ಕಾಲು ಚಾಚುವಷ್ಟು ಜಾಗ

ಎಂಬತ್ತೊಂದನೇ ಇಸವಿಯ ಮಾಘದ ಚಳಿ. ಹಾಲಿನವನು ಬಂದುಹೋದ ಹೊತ್ತಿಗೇ ಚಾಮರಾಜಪೇಟೆಯ ಭಾಗೀರಥಮ್ಮನ ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಹಾರೆ ಬಿತ್ತು. ಚೊಚ್ಚಲ ಬಾಣಂತನಕ್ಕೆ ಬರುವ ಮಗಳು ವತ್ಸಲೆಗೆ ಹೊಗೆ ತಾಗಬಾರದೆಂದು ಆಕೆಯೇ ಗಂಡನ ದುಂಬಾಲು ಬಿದ್ದಿದ್ದಳು. ಗುಲಾಬಿ ಟೈಲ್ಸು, ಗೀಸರು, ಕಮೋಡು, ಬೇಸಿನ್ನು ಎಲ್ಲ ಬಂದವು. ಬೀದಿಯವರೆಲ್ಲ ನೋಡಿಹೋದರು.

ಕೂಸು ಹುಟ್ಟಿತು. ನೀರೆರೆಯಲು ಬಂದ ಅಂಜಿನಮ್ಮ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಲೆಂದು ನೆಲದಲ್ಲಿ ಕೂತು ಕಾಲು ಚಾಚಿದರೆ ಪಾದ ಕಮೋಡಿಗೆ ಬಡಿಯಿತು. ತಿರುಗಿ ಕೂತರೆ ಬಾಗಿಲಾಚೆ ಹೋಯಿತು.

“ಎಲ್ಲಾ ಇಟ್ಟಿದೀರ ಭಾಗೀರಥಮ್ನೋರೇ, ನನ್ ಕಾಲಿಗೇ ಜಾಗ ಇಲ್ವಲ್ಲ! ಮಗೂನ ಬೇಸಿನ್ನಲ್ಲಿ ತೊಳೀಲಾ, ಸೊಪ್ಪು ತೊಳ್ದಂಗೆ?”

ವತ್ಸಲೆ ನಕ್ಕಳು. ಮಾವಳ್ಳಿಯಿಂದ ಬಂದಿದ್ದ ಅವಳ ಅತ್ತೆ ನಗಲಿಲ್ಲ.

“ಹಿತ್ಲಲ್ಲಿ ಎರೀಬೋದಲ್ವಾ?” ಎಂದಳು ಭಾಗೀರಥಮ್ಮ.

“ಗಾಳೀಲಾ, ಎಳೇ ಕೂಸಿಗೆ? ನಮ್ಮನೇಲಿ ಹಂಡೆ ಇದೆ ಬೀಗಿತ್ತಿಯವರೇ, ಅಗಲವಾದ ಬಚ್ಚಲಿದೆ. ಬಾಣಂತನ ನಾವೇ ಮಾಡ್ಕೋತೀವಿ.”

“ಅವಳು ಮೂರು ತಿಂಗ್ಳು ಇಲ್ಲಿರ್ಲಿ ಅಂತಲೇ ಇಷ್ಟೆಲ್ಲ ಮಾಡ್ಸಿದ್ದು...”

ಒಡೆದ ಒಲೆ ಎದ್ದು ನಿಲ್ಲುವಂತಿರಲಿಲ್ಲ, ಕಮೋಡು ಪಕ್ಕಕ್ಕೆ ಸರಿಯುವಂತಿರಲಿಲ್ಲ. ಭಾಗೀರಥಮ್ಮ ಸೀಗೆಪುಡಿಯ ಡಬ್ಬವನ್ನು ಮಗಳ ಚೀಲಕ್ಕೆ ತುರುಕಿದಳು. ಗುರುವಾರ ಬೆಳಗ್ಗೆ ವತ್ಸಲೆ ಕೂಸನ್ನೆತ್ತಿಕೊಂಡು ಮಾವಳ್ಳಿಗೆ ಹೊರಟುಹೋದಳು.