ಕಂಪ್ಯೂಟರ್ ಪಕ್ಕದ ರಿಜಿಸ್ಟರು

ನರಹರಿಯ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂರಬೇಕಾದರೆ ಮೊದಲು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ತಾರೀಖು, ಕೂತ ಹೊತ್ತು, ಎದ್ದ ಹೊತ್ತು, ಕಾರಣ, ಸಹಿ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ಹೋಗಿಬರುವವರ ಚೀಲ ತಡಕಿದ ಮನುಷ್ಯ ಮನೆಗೆ ಬಂದಾದರೂ ಸುಮ್ಮನಿರುತ್ತಾನೆಯೇ? ಹೆಂಡತಿ ನೀಲಾ ಮೊದಮೊದಲು ನಕ್ಕಳು. ತನ್ನ ತಮ್ಮ ವೈಜನಾಥನ ಚೀಲವನ್ನೂ ಗಂಡ ಬಾಗಿಲಲ್ಲೇ ಬಿಚ್ಚಿಸಿ ನೋಡತೊಡಗಿದ ಮೇಲೆ ಆ ನಗು ನಿಂತಿತು.

ವೈಜನಾಥ ಬೀದರಿನಿಂದ ಬಂದು ನಾಲ್ಕು ತಿಂಗಳಾಗಿತ್ತು. ದಿನವೆಲ್ಲ ಕೆಲಸ ಹುಡುಕಿ ಮಾದಾಪುರದ ಸಾಫ್ಟ್‌ವೇರ್ ಕಂಪನಿಗಳನ್ನು ಸುತ್ತಿ, ಸಂಜೆ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಕೂತು ಅರ್ಜಿ ಕಳಿಸುತ್ತಿದ್ದ.

ಅಂಥದ್ದರಲ್ಲಿ ಕಂಪ್ಯೂಟರಿಗೆ ಏನೋ ಬಡಿಯಿತು. ಗುಂಡಿ ಒತ್ತಿ ಅನ್ನಕ್ಕಿಟ್ಟರೆ ಅನ್ನವೇ ಮೊದಲು ಆಗುತ್ತಿತ್ತು. ಕೇಳದೆಯೇ ಅರೆಬತ್ತಲೆ ಹೆಂಗಸರ ಜಾಹೀರಾತುಗಳು ಪರದೆಯ ಮೇಲೆ ಎದ್ದುಬರುತ್ತಿದ್ದವು. ನರಹರಿ ಅನುಮಾನಪಡಲು ದೂರ ಹೋಗಬೇಕಿರಲಿಲ್ಲ. ಮನೆಯಲ್ಲಿ ಇದ್ದದ್ದೇ ಮೂವರು. ತಾನಂತೂ ಅಲ್ಲ, ನೀಲಾಗೆ ಮೌಸ್ ಹಿಡಿಯಲೂ ಬಾರದು.

ಅಂದಿನಿಂದ ಅವನ ಕಣ್ಣು ಭಾವಮೈದುನನ ಬೆನ್ನಿಗೇ ಅಂಟಿತು. ವೈಜನಾಥ ಫೋನಿನಲ್ಲಿ ದನಿ ತಗ್ಗಿಸಿದರೂ ಅನುಮಾನ, ಏರಿಸಿದರೂ ಅನುಮಾನ. ಅಂಥ ಚಿತ್ರಗಳ ಸಿ.ಡಿ. ಸಿಗಬಹುದೆಂದು ಚೀಲ ತಡಕಿದರೆ ಸಿಕ್ಕಿದ್ದು ಮಾರ್ಕ್ಸ್ ಕಾರ್ಡಿನ ಜೆರಾಕ್ಸು, ಅರ್ಧ ತಿಂದ ರೊಟ್ಟಿ. ಇಷ್ಟು ಸ್ವಚ್ಛ ಐತಂದ್ರ ಎಲ್ಲೋ ಮುಚ್ಚಿಟ್ಟಾನ ಎಂದುಕೊಂಡ.

ಶನಿವಾರ ಊಟಕ್ಕೆ ಕೂತಾಗ ವೈಜನಾಥನ ಎದುರಿಗೇ ಹೆಂಡತಿಗೆ ಹೇಳಿದ: "ನಾಳೆ ಮ್ಯಾಲಿನ ಮನಿ ಮಾನಸಾ ಬಂದು ನೋಡ್ತಾಳ. ನಿನ್ನ ತಮ್ಮನ ಹೆಸರು ಬಂತಂದ್ರ ಅವ ಈ ಮನ್ಯಾಗ ಇರೂದು ಬ್ಯಾಡ."

"ಬರಲಿಲ್ಲಂದ್ರ?" ನೀಲಾ ಕೇಳಿದಳು.

ನರಹರಿ ಕೈತೊಳೆಯಲು ಎದ್ದುಹೋದ. ವೈಜನಾಥನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು.

ಮಾನಸಾ ಮಾದಾಪುರದಲ್ಲಿ ಕೆಲಸ ಮಾಡುವ ಹುಡುಗಿ. ಬೆಳಿಗ್ಗೆ ಬಂದವಳೇ ಇಂಟರ್ನೆಟ್ಟಿನ ವೈರು ಕಿತ್ತಳು. ಒಳಗೆ ಏನೇನು ಓಡುತ್ತಿದೆ ಎಂದು ಒಂದೊಂದಾಗಿ ನೋಡುತ್ತ ಹೋಗಿ ಒಂದು ಕಡೆ ನಿಂತಳು.

"ಅಂಕಲ್, ಇಲ್ಲೊಂದು ವೈರಸ್ ತೆಗಿಯೋ ಪ್ರೋಗ್ರಾಮ್ ಅಂತ ಹೇಳ್ಕೊಂಡು ಕೂತೈತಿ ನೋಡ್ರಿ. ಕಳ್ಳ ಇದೇರಿ. ಉಳಿದವನ್ನೆಲ್ಲಾ ಒಳಗ ಕರ್ಕೊಂಡು ಬಂದದ್ದೂ ಇದೇ."

"ಯಾವತ್ತು ಹೊಕ್ಕೈತಿ?" ನರಹರಿಯ ದನಿಯಲ್ಲಿ ಹುರುಪಿತ್ತು. ಕೈ ಆಗಲೇ ರಿಜಿಸ್ಟರಿನ ಮೇಲಿತ್ತು.

"ಮಾರ್ಚ್ ಒಂಬತ್ತು. ಸಂಜಿ ಆರೂ ನಲವತ್ತು."

ನೀಲಾ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡಳು. ವೈಜನಾಥ ಗೋಡೆಗೊರಗಿ ನಿಂತಿದ್ದ. ಪುಟಗಳ ಮೇಲೆ ಓಡುತ್ತಿದ್ದ ಅವಳ ಬೆರಳು ಒಂದು ಸಾಲಿನಲ್ಲಿ ನಿಂತಿತು. ಅವಳು ಪುಸ್ತಕವನ್ನು ಗಂಡನ ಕಡೆ ತಿರುಗಿಸಿದಳು. ಮಾರ್ಚ್ ಒಂಬತ್ತು, ಆರೂವರೆಯಿಂದ ಏಳು. ಕಾರಣ: ಭದ್ರತಾ ತಪಾಸಣೆ. ಸಹಿ: ನರಹರಿ.

ಆಗ ನರಹರಿಗೆ ನೆನಪಾಯಿತು. ಅವತ್ತು ಪರದೆಯ ಮೇಲೆ ಕೆಂಪಕ್ಷರದ ನೋಟೀಸು ಬಂದಿತ್ತು. ನಿಮ್ಮ ಕಂಪ್ಯೂಟರಿಗೆ ಅಪಾಯವಿದೆ, ಕೂಡಲೇ ತಪಾಸಣೆ ಮಾಡಿ ಎಂದು. ಕೆಂಪಕ್ಷರದ ನೋಟೀಸನ್ನು ಅವನು ನೌಕರಿಯಲ್ಲಿ ಒಮ್ಮೆಯೂ ಮೀರಿದವನಲ್ಲ. ಒತ್ತು ಅಂದಲ್ಲೆಲ್ಲ ಒತ್ತಿ, ಮನೆ ಕಾಯ್ದೆನೆಂಬ ಹೆಮ್ಮೆಯಲ್ಲಿ ಸಹಿ ಹಾಕಿ ಎದ್ದಿದ್ದ. ಹೆಂಡತಿಯ ತಮ್ಮನನ್ನು ನಂಬದವನು, ಯಾರು ಕಳಿಸಿದ್ದೆಂದು ಗೊತ್ತಿಲ್ಲದ ಆ ನೋಟೀಸನ್ನು ನಂಬಿದ್ದ.

ಮಧ್ಯಾಹ್ನದ ಹೊತ್ತಿಗೆ ಮಾನಸಾ ಎಲ್ಲ ತೆಗೆದುಹಾಕಿ ಹೋದಳು. ಕಂಪ್ಯೂಟರ್ ಚಕಚಕನೆ ತೆರೆದುಕೊಂಡಿತು. ಅದನ್ನು ನೋಡಲು ಯಾರೂ ಬರಲಿಲ್ಲ.

ವೈಜನಾಥ ಒಳಕೋಣೆಯಿಂದ ಚೀಲ ಹೊತ್ತು ಬಂದ. "ಗೆಳೆಯಾನ ರೂಮ್ ಐತಿ ಅಕ್ಕಾ. ಅಲ್ಲೇ ಇರ್ತೀನಿ."

"ನಿನ್ನ ಹೆಸರು ಬರಲಿಲ್ಲಲ್ಲೋ. ಯಾಕ ಹೊಂಟಿ?" ಎಂದ ನರಹರಿ. ತಪ್ಪಾಯ್ತು ಎನ್ನುವ ಮಾತು ಮಾತ್ರ ಬರಲಿಲ್ಲ. ನೀಲಾ ಅವನನ್ನೇ ನೋಡುತ್ತಿದ್ದಳು, ಆ ಮಾತಿಗಾಗಿ ಕಾಯುತ್ತಿದ್ದಳು.

ವೈಜನಾಥ ಅಕ್ಕನ ಕಾಲು ಮುಟ್ಟಿ ನಮಸ್ಕರಿಸಿ ಬಾಗಿಲಿಗೆ ನಡೆದ. ಹೊಸ್ತಿಲ ಬಳಿ ಅವನ ಕಾಲುಗಳು ತಾವಾಗೇ ನಿಂತವು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ನಾಲ್ಕು ತಿಂಗಳಲ್ಲಿ ಬಿದ್ದ ರೂಢಿ. ಚೀಲ ಕೆಳಗಿಟ್ಟು, ಜಿಪ್ ಎಳೆದು, ಬಾಯಿ ಅಗಲಿಸಿ ಹಿಡಿದ.

"ನೋಡ್ರಿ, ಮಾಮಾರ."