ಮಂಡಾಳ ಭಟ್ಟಿಯ ಹೊಗೆ, ಮಗಳ ಬಾಣಂತನ

ಗಂಗಾವತಿ ಹತ್ತಿರದ ಸಿದ್ದಾಪುರದ ಶಂಕ್ರಮ್ಮನಿಗೆ ಇರುವವಳು ಒಬ್ಬಳೇ ಮಗಳು, ಶಿವಲೀಲಾ. ಕುಷ್ಟಗಿಗೆ ಕೊಟ್ಟಿದ್ದಾರೆ. ಬಸುರಿ ಮಗಳಿಗೆ ಉಡಿ ತುಂಬುವ ಕುಬಸದ ಶಾಸ್ತ್ರ ಮುಗಿದಿತ್ತು. ಇನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಶಂಕ್ರಮ್ಮ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಕೂಸಿನ ಬಟ್ಟೆಗೆಂದು ಹರಿದಿಟ್ಟಳು. ಬಾಣಂತಿ ತಿನ್ನುವ ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ ತಂದಿಟ್ಟಳು. ಎಲ್ಲ ಬಂತು, ಮಗಳು ಮಾತ್ರ ಬರಲಿಲ್ಲ.

ಫೋನು ಮಾಡಿದರೆ ಶಿವಲೀಲಾ ಸುತ್ತಿ ಬಳಸಿ ಮಾತಾಡುತ್ತಿದ್ದಳು.

"ಇಲ್ಲೇ ದವಾಖಾನಿ ಸಮೀಪ ಐತಿ ಯವ್ವಾ."

"ಗಂಗಾವತಿಯೊಳಗ ದವಾಖಾನಿ ಇಲ್ಲೇನು? ನಿಮ್ಮತ್ತಿ ಬಿಡವಲ್ಲಳೇನು? ಹೇಳು, ನಾ ಬಂದು ಮಾತಾಡ್ತೀನಿ."

"ಅತ್ತಿ ಏನೂ ಅಂದಿಲ್ಲ ಬೇ." ಮಗಳು ಕಡೆಗೆ ನಿಜ ಹೇಳಿದಳು. "ಪಂಚಮಿಗೆ ಬಂದಾಗ ನನಗ ಉಸಿರು ಹಿಡಕೊಂಡಿತ್ತಲ್ಲ? ಹೊಗಿ ಇರೋ ಕಡೆ ಹೋಗಲೇಬ್ಯಾಡ ಅಂತ ಡಾಕ್ಟರಮ್ಮ ಹೇಳ್ಯಾರ. ನನಗೂ ನಿನ್ನ ಕಡೆ ಬರಬೇಕು ಅಂತ ಜೀವ ಎಳಿತೈತಿ. ಆದ್ರ ನಮ್ಮ ಭಟ್ಟಿ..."

ಶಂಕ್ರಮ್ಮನ ಗಂಡ ಅಮರಪ್ಪನ ಮಂಡಾಳ ಭಟ್ಟಿ ಮನೆಯ ಹಿತ್ತಲಲ್ಲೇ ಇದೆ. ಅಕ್ಕಿಯನ್ನು ಕಾದ ಉಸುಕಿನಲ್ಲಿ ಹುರಿದು ಮಂಡಾಳ, ಅಂದರೆ ಮಂಡಕ್ಕಿ, ಮಾಡುವುದು ಆ ಮನೆಯ ಕಸುಬು. ಉಸುಕು ಬೇಗ ಕಾಯಲೆಂದು ಅಮರಪ್ಪ ಭತ್ತದ ಹೊಟ್ಟಿನ ಜೊತೆ ಹಳೆಯ ಟೈರಿನ ತುಂಡುಗಳನ್ನೂ ಒಲೆಗೆ ಒಗೆಯುತ್ತಿದ್ದ. ಓಣಿಯವರು ಗೊಣಗಿದರು. ಅದಕ್ಕೆ ಅವನು ಒಂದು ಉಪಾಯ ಹೂಡಿದ. ಕೋಳಿ ಕೂಗುವ ಮೊದಲೇ ಟೈರು ಹಾಕಿ ಭಟ್ಟಿ ಹೊತ್ತಿಸುವುದು, ಬೆಳಕು ಹರಿಯುವಷ್ಟರಲ್ಲಿ ಕರಿಹೊಗೆ ಮುಗಿಸುವುದು. "ಕಾಣದ ಹೊಗಿಗೆ ಯಾರದು ತಕರಾರು?" ಎಂದು ಮೀಸೆ ತಿರುವುತ್ತಿದ್ದ.

ಒಂದು ದಿನ ನಸೀಮಾಬಿ ಜರಡಿ ಕೇಳಲು ಬಂದಳು. ಮುಂದಿನ ಓಣಿಯಲ್ಲಿ ಅವಳದೂ ಒಂದು ಮಂಡಾಳ ಭಟ್ಟಿ. ಶಂಕ್ರಮ್ಮನೂ ಅವಳೂ ಒಂದೇ ಮಹಿಳಾ ಉಳಿತಾಯ ಸಂಘದವರು. ಶಂಕ್ರಮ್ಮನ ಕಣ್ಣು ಕೆಂಪಾಗಿದ್ದುದನ್ನು ನೋಡಿ ವಿಷಯ ಕೇಳಿ ತಿಳಿದಳು. ಆಮೇಲೆ ಅಮರಪ್ಪನ ಕಡೆ ತಿರುಗಿದಳು.

"ಅಮರಣ್ಣಾ, ಕತ್ತಲಾಗ ಹೊತ್ತಿಸಿದ್ರ ಹೊಗಿಗೆ ದಾರಿ ಕಾಣೂದಿಲ್ಲ, ಯಾರ ಮನಿಗೂ ಹೋಗೂದಿಲ್ಲ ಅಂತ ತಿಳಿದೀಯೇನು? ಮುಂಜಾನಿ ತಂಪಿನ್ಯಾಗ ಹೊಗಿ ಮ್ಯಾಲೆ ಏಳೂದಿಲ್ಲ. ಎಮ್ಮಿ ಹಂಗ ಓಣಿಯೊಳಗ ಮಲಗತೈತಿ. ಆಗ ಮಕ್ಕಳೂ ಮಲಗಿರ್ತಾವ. ಎಲ್ಲಾ ಅವುಗಳ ಎದಿಗೇ."

"ನಮ್ಮಪ್ಪ ಇದೇ ಭಟ್ಟಿ ಮುಂದ ಕುಂತು ಮುಪ್ಪಾಗ್ಯಾನ. ಅವಗೇನಾಗಿತ್ತು?"

"ನಿಮ್ಮಪ್ಪ ಟೈರು ಸುಡತಿದ್ನೇನು? ಆಗ ಊರಾಗ ಟೈರು ಇದ್ದದ್ದು ಗೌಡರ ಜೀಪಿಗೆ ಒಂದಕ್ಕ. ಅದನ್ನ ಬಿಚ್ಚಿ ತಂದಿದ್ನೇನು ಮತ್ತ?"

ಅಳುತ್ತಿದ್ದ ಶಂಕ್ರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಮರಪ್ಪನಿಗೆ ನಗು ಬರಲಿಲ್ಲ. ಕೊಪ್ಪಳದ ಮಾಲಿನ್ಯ ನಿಯಂತ್ರಣದ ಕಚೇರಿಗೆ ಹೋಗಿ ಕೇಳು ಎಂದು ನಸೀಮಾಬಿ ಹೇಳಿದಾಗ ಸಿಡುಕಿದ.

"ನಾವಾಗೇ ಹೋಗಿ ಸಾಹೇಬ್ರ ಮುಂದ ನಿಂತ್ರ ಭಟ್ಟಿಗೆ ಬೀಗ ಜಡಿತಾರ, ಗೊತ್ತೈತೇನು?"

"ನಾನೂ ಹಂಗ ಅಂಜಿದ್ದೆ. ಕೊಪ್ಪಳಕ್ಕ ಹೋಗಿ ಕೇಳಿದೆ. ಏನು ಸುಡಬಾರದು, ಚಿಮಣಿ ಹೆಂಗಿರಬೇಕು, ಯಾವ ಅರ್ಜಿ ಕೊಡಬೇಕು ಅಂತ ಕುಂದರಿಸಿ ಹೇಳಿದ್ರು. ಅಂಜಿ ಮುಚ್ಚಿಟ್ಟವರ ಭಟ್ಟಿಗೇ ಅಣ್ಣಾ ಬೀಗ ಬೀಳೂದು."

"ನಿನಗ ಪುರಸೊತ್ತೈತಿ, ಹೋಗಿ ಬಂದಿ," ಎಂದು ಅಮರಪ್ಪ ಎದ್ದು ಹೋದ.

ಮರುದಿನ ತಾನೇ ಕುಷ್ಟಗಿಗೆ ಹೊರಟ. "ನೀ ಫೋನಿನ್ಯಾಗ ಅಳತಿ, ಅದಕ್ಕ ಅಕಿ ಬರವಲ್ಲಳು. ಅಪ್ಪ ಬಂದು ಕರದ್ರ ಹೆಂಗ ಬರೂದಿಲ್ಲ ನೋಡ್ತೀನಿ," ಎಂದ. ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಹೋದ.

ಶಂಕ್ರಮ್ಮ ಮಧ್ಯಾಹ್ನದಿಂದಲೇ ಬಾಗಿಲಲ್ಲಿ ಕುಳಿತಳು. ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ಎದ್ದು ನಿಂತಳು. ಸಂಜೆ ಅಮರಪ್ಪ ಬಂದ. ಒಬ್ಬನೇ ಬಂದ.

"ಶಿವಲೀಲಾ ಎಲ್ಲಿ?"

ಅವನು ಕಟ್ಟೆಯ ಮೇಲೆ ಕುಳಿತು ರುಮಾಲು ಬಿಚ್ಚಿ ಅವಳ ಕೈಗಿಟ್ಟ. "ಮೂಸಿ ನೋಡು."

ಶಂಕ್ರಮ್ಮ ಮೂಸಿದಳು. ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ವರ್ಷಗಟ್ಟಲೆ ಟೈರಿನ ಹೊಗೆಯಲ್ಲೇ ಇದ್ದವಳಿಗೆ ಹೇಗೆ ಬಂದೀತು?

"ಕಾಲಿಗೆ ಬೀಳಾಕ ಬಗ್ಗಿದಳು. ಹಂಗ ಕೆಮ್ಮು ಹತ್ತಿತು. ತುಂಬಿದ ಬಸುರಿ, ಗ್ವಾಡಿ ಹಿಡಕೊಂಡು ಕೆಮ್ಮಿದಳು. ನಾ ಹಿಂದ ಸರದೆ. ನೋಡು, ನನ್ನ ಮಗಳಿಂದ ನಾನ ಹಿಂದ ಸರದೆ." ಅಮರಪ್ಪ ಅವಳ ಕೈಯಿಂದ ರುಮಾಲು ಕಿತ್ತು ಆಚೆಗೆ ಎಸೆದ. "ದೂರ ಕುಂತು ಚಾ ಕುಡದು ಬಂದೆ. ಕರಿಯಾಕ ಬಾಯಿ ಬರಲಿಲ್ಲ."

ಮರುದಿನ ನಸುಕಿನಲ್ಲಿ ಭಟ್ಟಿ ಹೊತ್ತಲಿಲ್ಲ. ಅಮರಪ್ಪ ನಸೀಮಾಬಿಯ ಬಾಗಿಲಲ್ಲಿ ನಿಂತಿದ್ದ. "ಕೊಪ್ಪಳಕ್ಕ ಯಾವ ಬಸ್ಸಿಗೆ ಹೋಗಬೇಕವ್ವಾ ತಂಗಿ?"

ಅಂದೇ ಮೂವರೂ ಹೋದರು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯವರು ಬೈಯಲಿಲ್ಲ, ಬಿಟ್ಟೂ ಕೊಡಲಿಲ್ಲ. ಟೈರು, ಪ್ಲಾಸ್ಟಿಕ್, ಕೆಟ್ಟ ಎಣ್ಣೆ ಒಲೆಗೆ ಹೋಗಲೇಬಾರದು ಎಂದರು. ಒಣಗಿದ ಹೊಟ್ಟು, ಒಲೆಗೆ ಸರಿಯಾದ ಗಾಳಿ, ಅವರು ಹೇಳಿದಷ್ಟು ಎತ್ತರದ ಚಿಮಣಿ, ಹಾರುವ ಬೂದಿ ಕೆಳಗೆ ಕೂರಲು ನಡುವೆ ಒಂದು ಗೂಡು. ಇಷ್ಟು ಮಾಡಿಸಿ ಮಂಡಳಿಯ ಸಮ್ಮತಿಗೆ ಅರ್ಜಿ ಹಾಕಬೇಕು. ಖರ್ಚಿಗೆ ಸಂಘವೇ ಸಾಲ ಕೊಟ್ಟಿತು.

ಆದರೆ ಕೂಸು ಚಿಮಣಿಗಾಗಿ ಕಾಯುತ್ತದೆಯೇ? ಚಿಮಣಿಯ ಕೆಲಸ ಅರ್ಧಕ್ಕಿತ್ತು, ಮನೆ ತುಂಬ ಮಸಿ, ಧೂಳು, ಮಗಳನ್ನು ಕರೆತರುವಂತಿರಲಿಲ್ಲ. ಆಗಲೇ ಕುಷ್ಟಗಿಯಿಂದ ಫೋನು ಬಂತು. ಹೆಣ್ಣು ಕೂಸು. ಶಂಕ್ರಮ್ಮ ಓಡಿಹೋಗಿ ಮೊಮ್ಮಗಳನ್ನು ಎತ್ತಿಕೊಂಡಳು, ಮಗಳ ತಲೆ ನೇವರಿಸಿದಳು, ತಿರುಗಿ ಬಂದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿಲ್ಲ. ಆ ದಿನವನ್ನು ಇನ್ನು ಯಾರೂ ತಂದುಕೊಡಲಾರರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಮಡಿಲಿಗೆ ಕೂಸಿನ ಭಾರ ಬೇಕೆನಿಸುತ್ತಿತ್ತು.

ಸಮ್ಮತಿ ಬಂದ ಮೇಲೆ ಅಮರಪ್ಪ ಹಾಡಹಗಲೇ ಭಟ್ಟಿ ಹೊತ್ತಿಸಿದ. ಉಸುಕು ಕಾಯಲು ತಡವಾಯಿತು.

"ಟೈರಿದ್ರ ಇಷ್ಟೊತ್ತಿಗೆ ಒಂದು ಚೀಲ ಆಗಿರ್ತಿತ್ತು," ಎಂದು ಚಡಪಡಿಸಿದ.

"ಕುಂದರ್ರಿ ಸುಮ್ಮನ," ಎಂದಳು ಶಂಕ್ರಮ್ಮ. "ನಾ ಮಗಳಿಗೆ ಕಾದಿಲ್ಲೇನು? ನೀವು ಉಸುಕಿಗೆ ಕಾಯ್ರಿ."

ನಸೀಮಾಬಿ ಓಣಿಯ ತುದಿಯವರೆಗೆ ನಡೆದು ನೋಡಿ ಬಂದಳು. "ಛಲೋ ಆಗೇತಿ ಅಣ್ಣಾ. ಒಗದ ಬಟ್ಟಿ ಹೊರಗ ಹಾಕ್ಯಾರ, ಒಬ್ಬರೂ ಬೈಯವಲ್ಲರು."

ಮತ್ತೆ ಕೆಲವು ದಿನಕ್ಕೆ, ಡಾಕ್ಟರಮ್ಮನನ್ನು ಕೇಳಿಕೊಂಡು, ಶಿವಲೀಲಾ ಬಾಣಂತನಕ್ಕೆ ಬಂದಳು. ಆಟೋ ಇಳಿದು ಅಂಗಳಕ್ಕೆ ಬಂದರೆ ಅಮರಪ್ಪ ಬೇವಿನ ಗಿಡದ ಆಚೆ ದೂರ ನಿಂತಿದ್ದ. ಹತ್ತಿರ ಬರಲು ಅಂಜಿಕೆ.

"ಯಾಕ ಯಪ್ಪಾ ಅಲ್ಲಿ ನಿಂತಿ? ಹಿಡಿ ನಿನ್ನ ಮೊಮ್ಮಗಳನ್ನ," ಎಂದು ಮಗಳೇ ನಡೆದು ಹೋಗಿ ಕೂಸನ್ನು ಅವನ ಕೈಗೆ ಕೊಟ್ಟಳು. ಕೂಸು ಅವನ ಎದೆಗೆ ಮುಖವಿಟ್ಟು ನಿದ್ದೆ ಮಾಡಿತು. ಕೆಮ್ಮಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಇಟ್ಟಂಗಿ ಭಟ್ಟಿ ಇರಬಹುದು, ಬೇಕರಿ ಇರಬಹುದು, ಅಕ್ಕಿ ಗಿರಣಿ ಇರಬಹುದು. ಟೈರು, ಪ್ಲಾಸ್ಟಿಕ್ ಸುಡುವುದನ್ನು ಇಂದೇ ಬಿಡಿ. ನೋಟಿಸು ಬರುವವರೆಗೆ ಕಾಯಬೇಡಿ. ನಿಮ್ಮ ಕಸುಬಿಗೆ ಯಾವ ನಿಯಮ, ಯಾವ ಸಮ್ಮತಿ ಎಂದು ಕಚೇರಿಗೆ ನೀವೇ ಹೋಗಿ ಕೇಳಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದವರನ್ನು ಕರೆದುಕೊಂಡು ಹೋಗಿ. ಶಂಕ್ರಮ್ಮನಿಗೆ ಒಂದು ಹೆರಿಗೆಯಷ್ಟು ತಡವಾಯಿತು. ನಿಮಗೆ ಅಷ್ಟು ತಡವಾಗದಿರಲಿ.